ಮೂವತ್ತೊಂದನೆಯ ಸುತ್ತೋಲೆ

ನಾನು ಒಂದು ಸೈಕ್ಲೋಸ್ಟೈಲ್ ಯಂತ್ರ. ಈಗಿನವರಿಗೆ ಈ ಹೆಸರೇ ಹೊಸದು. ಆದ್ದರಿಂದ ನನ್ನ ಕೆಲಸವೇನೆಂದು ಮೊದಲೇ ಹೇಳಿಬಿಡುತ್ತೇನೆ. ಮೇಣ ಸವರಿದ ತೆಳು ಹಾಳೆಯ ಮೇಲೆ ರಿಬ್ಬನ್ ಇಲ್ಲದೆ ಟೈಪ್ ಮಾಡಿದರೆ ಅಕ್ಷರ ಬಿದ್ದ ಕಡೆ ಮೇಣ ಕತ್ತರಿಸಿಹೋಗುತ್ತದೆ. ಆ ಹಾಳೆಗೆ ಸ್ಟೆನ್ಸಿಲ್ ಎನ್ನುತ್ತಾರೆ. ಅದನ್ನು ನನ್ನ ಉರುಳೆಗೆ ಸುತ್ತಿ, ಒಳಗೆ ಶಾಯಿ ತುಂಬಿ, ಹಿಡಿಕೆ ತಿರುಗಿಸಿದರೆ ಒಂದು ಸುತ್ತಿಗೆ ಒಂದು ಪ್ರತಿ ಹೊರಬೀಳುತ್ತದೆ. ಇಷ್ಟೇ ನನ್ನ ವಿದ್ಯೆ. ಇಪ್ಪತ್ತನಾಲ್ಕು ವರ್ಷ ಒಂದೇ ಕಚೇರಿಯಲ್ಲಿ ಇದನ್ನೇ ಮಾಡಿದೆ.

ನಾನು ಹುಟ್ಟಿದ್ದು ಕಲ್ಕತ್ತೆಯ ಒಂದು ಕಾರ್ಖಾನೆಯಲ್ಲಿ, 1969ರಲ್ಲಿ. ಬೂದು ಬಣ್ಣದ ಕಬ್ಬಿಣದ ಮೈ, ಮರದ ಹಿಡಿಕೆ. ನನ್ನನ್ನು ಜೋಡಿಸಿದ ಮುದುಕ ಕೊನೆಯ ತಿರುಪು ಬಿಗಿಮಾಡಿ, ಹಿಡಿಕೆಯನ್ನು ಹತ್ತು ಸಲ ತಿರುಗಿಸಿ, ಸದ್ದನ್ನು ಕಿವಿಗೊಟ್ಟು ಕೇಳಿ, ಆಯಿತೆಂಬಂತೆ ತಲೆಯಾಡಿಸಿದ. ಹುಟ್ಟೂರಿನ ಬಗ್ಗೆ ನನಗಿರುವ ನೆನಪು ಅಷ್ಟೇ. ಅಲ್ಲಿಂದ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿ ರೈಲಿನಲ್ಲಿ ಹನ್ನೊಂದು ದಿನ ಬಂದೆ. ಪೆಟ್ಟಿಗೆ ಒಡೆದಾಗ ಹುಬ್ಬಳ್ಳಿಯಲ್ಲಿದ್ದೆ.

ನನ್ನನ್ನು ತರಿಸಿಕೊಂಡದ್ದು ಸಣ್ಣ ಕಾರ್ಖಾನೆ ಮಾಲೀಕರ ಒಂದು ಸಂಘ. ಸ್ಟೇಷನ್ ರಸ್ತೆಯಲ್ಲಿ, ಸೈಕಲ್ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆ. ಸದಸ್ಯರು ನೂರ ಎಂಬತ್ತು ಜನ. ಎಣ್ಣೆ ಗಿರಣಿಯವರು, ಎರಕದ ಕೆಲಸದವರು, ಲೇಥ್ ಇಟ್ಟುಕೊಂಡವರು, ಬಿಸ್ಕತ್ತಿನ ಭಟ್ಟಿಯವರು. ಕೆಲವರ ಕೈಕೆಳಗೆ ಅರವತ್ತು ಆಳು, ಹೆಚ್ಚಿನವರ ಹತ್ತಿರ ಐದೋ ಆರೋ. ಸರಕಾರ ದಿನಕ್ಕೊಂದು ಆದೇಶ ಹೊರಡಿಸುತ್ತಿತ್ತು. ತುಟ್ಟಿಭತ್ಯೆ ಏರಿತು, ಹಾಜರಿ ಪುಸ್ತಕದ ನಮೂನೆ ಬದಲಾಯಿತು, ಬಾಯ್ಲರ್ ತಪಾಸಣೆಗೆ ಹೊಸ ತಾರೀಖು ಬಂತು. ಬೆಳಗಿನಿಂದ ಕಬ್ಬಿಣ ಕೊರೆಯುವ ಮನುಷ್ಯ ಇದನ್ನೆಲ್ಲ ಯಾವಾಗ ಓದಬೇಕು? ಅವರ ಪರವಾಗಿ ಸಂಘ ಓದುತ್ತಿತ್ತು, ಒಂದು ಪುಟಕ್ಕೆ ಇಳಿಸುತ್ತಿತ್ತು, ಎಲ್ಲರಿಗೂ ಹಂಚುತ್ತಿತ್ತು. ಆ ಒಂದು ಪುಟಕ್ಕೆ ಸುತ್ತೋಲೆ ಎಂದು ಹೆಸರು. ವರ್ಷಕ್ಕೆ ನಲವತ್ತರ ಹತ್ತಿರ ಸುತ್ತೋಲೆ ಹೊರಡುತ್ತಿದ್ದವು. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಒಂದು ತಾರೀಖು; ಏಪ್ರಿಲಿನಿಂದ ಹೊಸ ಎಣಿಕೆ.

ಆ ಪುಟ ಬರೆಯುತ್ತಿದ್ದವರು ಕಾರ್ಯದರ್ಶಿ ಪ್ರಲ್ಹಾದರಾವ ತಡಕೋಡ. ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು. ಕಾರ್ಮಿಕ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿ ಬಂದವರು. ಧಾರವಾಡದಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು. ಗೆಜೆಟ್ಟನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ, ಪೆನ್ಸಿಲಿನಿಂದ ಗೆರೆ ಎಳೆದು, ಅರ್ಧ ತಾಸು ಕಿಟಕಿಯ ಹೊರಗೆ ನೋಡಿ, ಆಮೇಲೆ ಬರೆಯುತ್ತಿದ್ದರು. ಒಂದು ಶಬ್ದ ಸರಿಯಾಗಲಿಲ್ಲವೆಂದು ಮೂರು ಸಲ ಕಾಗದ ಹರಿದದ್ದನ್ನು ನೋಡಿದ್ದೇನೆ.

ಸ್ಟೆನ್ಸಿಲ್ ಕತ್ತರಿಸುತ್ತಿದ್ದವಳು ಅನಸೂಯಾ ಹೊಂಬಳ. ಅವಳು ಕೆಲಸಕ್ಕೆ ಸೇರಿದಾಗ ಇಪ್ಪತ್ತಮೂರು ವರ್ಷ. ಮಾತು ಕಡಿಮೆ, ಬೆರಳು ಗಟ್ಟಿ. ಮುಂದೆ ಅವಳ ಪಾಲಿಗೆ ಬಂದ ಕನ್ನಡದ ಸ್ಟೆನ್ಸಿಲ್ ಎಂದರೆ ಟೈಪಿಸ್ಟರಿಗೆ ಶಿಕ್ಷೆ. ನಮ್ಮ ಅಕ್ಷರಗಳೆಲ್ಲ ದುಂಡಗೆ. ಸ್ವಲ್ಪ ಜೋರಾಗಿ ಬಡಿದರೆ ಸೊನ್ನೆಯ ಒಳಗಿನ ಚೂರು ಉದುರಿ, ಅಚ್ಚಿನಲ್ಲಿ ಕಪ್ಪು ಬೊಟ್ಟು ಮೂಡುತ್ತಿತ್ತು. ಅನಸೂಯಾ ಒಂದೊಂದು ಸೊನ್ನೆಗೂ ಉಸಿರು ಹಿಡಿದು ಬೆರಳು ಹಗುರ ಮಾಡುತ್ತಿದ್ದಳು.

ನನ್ನ ಹಿಡಿಕೆ ತಿರುಗಿಸುತ್ತಿದ್ದವನು ಕಚೇರಿಯ ಸಿಪಾಯಿ ಹಜರೇಸಾಬ. ನಲವತ್ತು ದಾಟಿದ, ಉದ್ದನೆಯ, ನಿಧಾನದ ಮನುಷ್ಯ. ಮುದ್ರಿಸಿದ ಹಾಳೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು, ನೂರ ಎಂಬತ್ತು ಬಾಗಿಲಿಗೂ ಅವನೇ ಹೋಗುತ್ತಿದ್ದ. ಒಂದು ಸುತ್ತಿಗೆ ಮೂರು ದಿನ ಹಿಡಿಯುತ್ತಿತ್ತು. ಕೊಟ್ಟದ್ದಕ್ಕೆ ಗುರುತಾಗಿ ಬಟವಾಡೆ ಪುಸ್ತಕದಲ್ಲಿ ಸಹಿ ತರುತ್ತಿದ್ದ.

ಮೊದಮೊದಲು ನಾನು ಬಹಳ ದೊಡ್ಡ ಕೆಲಸ ಮಾಡುತ್ತಿದ್ದೇನೆಂದು ತಿಳಿದಿದ್ದೆ. ಎರಡು ವರ್ಷದೊಳಗೆ ಆ ಭ್ರಮೆ ಹೋಯಿತು. ಹಜರೇಸಾಬ ಬಂದು ಹೇಳುತ್ತಿದ್ದ ಸುದ್ದಿ ಅಂಥದ್ದು. ಒಬ್ಬರ ಕಾರ್ಖಾನೆಯಲ್ಲಿ ಸುತ್ತೋಲೆಯನ್ನು ಚಹಾದ ಗ್ಲಾಸಿನ ಕೆಳಗೆ ಇಟ್ಟಿದ್ದರು. ಇನ್ನೊಬ್ಬರಲ್ಲಿ ಕೈಗೆ ಹತ್ತಿದ ಗ್ರೀಸ್ ಒರೆಸುತ್ತಿದ್ದರು. ಮಿರ್ಚಿಭಜಿ ಕಟ್ಟಿಕೊಟ್ಟ ಹಾಳೆಯಲ್ಲಿ ರಾಯರ ಸಹಿ ಇತ್ತು. ರಾಯರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಮತ್ತೊಂದು ಗೆಜೆಟ್ ಬಿಡಿಸುತ್ತಿದ್ದರು. ನಾನು ಮತ್ತೆ ಸುತ್ತುತ್ತಿದ್ದೆ.

ಓದುವವನೊಬ್ಬನಿದ್ದಾನೆಂದು ತಿಳಿದದ್ದು ಯಲ್ಲಪ್ಪ ಬಡಿಗೇರ ಬಂದಾಗ. ಅವನದು ಕೈಗಾರಿಕಾ ವಸಾಹತಿನ ತುದಿಯಲ್ಲಿ ತಗಡಿನ ಸೂರಿನ ಒಂದು ವರ್ಕ್‌ಶಾಪು. ಕೃಷಿ ಪಂಪಿನ ಬಿಡಿಭಾಗ ಮಾಡುತ್ತಿದ್ದ, ಆರು ಜನ ಕೆಲಸಗಾರರು. ಒಂದು ದಿನ ಮೆಟ್ಟಿಲು ಹತ್ತಿ ಬಂದು, ಸುತ್ತೋಲೆಯನ್ನು ಎರಡೂ ಕೈಯಲ್ಲಿ ಹಿಡಿದು ರಾಯರ ಮೇಜಿನ ಮುಂದೆ ನಿಂತ. ಆಗ ಸುತ್ತೋಲೆಗಳು ಇಂಗ್ಲಿಷಿನಲ್ಲಿ ಮಾತ್ರ ಹೊರಡುತ್ತಿದ್ದವು.

"ಇದರಾಗ ನಂದೇನರ ತಪ್ಪು ಹಿಡದಾರೇನ್ರೀ ರಾಯರ?" ಎಂದು ಕೇಳಿದ.

ಅದು ಹಬ್ಬದ ರಜೆಗಳ ಪಟ್ಟಿ. ರಾಯರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಇದುವರೆಗೆ ಬಂದ ಪ್ರತಿ ಹಾಳೆಯನ್ನೂ ಅವನು ಹೀಗೇ ಹೆದರಿಕೊಂಡು ತೆಗೆದುಕೊಂಡಿದ್ದನಂತೆ. ಓದಿಸಿಕೊಳ್ಳಲು ಪಕ್ಕದ ಕಾರ್ಖಾನೆಯ ಮ್ಯಾನೇಜರನ ಹತ್ತಿರ ಹೋಗುತ್ತಿದ್ದನಂತೆ. ಮರುವಾರದಿಂದ ಹಾಳೆಯ ಹಿಂಬದಿಗೆ ಕನ್ನಡ ಬಂತು. ರಾಯರ ಕೆಲಸ ಎರಡರಷ್ಟಾಯಿತು, ಅನಸೂಯಾಳದು ಮೂರರಷ್ಟು, ನನ್ನದೂ ಹೆಚ್ಚಿತು. ಯಾರೂ ಗೊಣಗಲಿಲ್ಲ. ಯಲ್ಲಪ್ಪ ಒಂದು ರಟ್ಟಿನ ಫೈಲು ಕೊಂಡು ಎಲ್ಲ ಸುತ್ತೋಲೆಗಳನ್ನೂ ಸಂಖ್ಯೆಯ ಪ್ರಕಾರ ಪೋಣಿಸಿಡತೊಡಗಿದ. ಸಂಜೆ ಕೆಲಸಗಾರರನ್ನು ನಿಲ್ಲಿಸಿ ತಾನೇ ಓದಿಹೇಳುತ್ತಾನೆಂದು ಹಜರೇಸಾಬ ಬಂದು ತಿಳಿಸಿದ.

ಹೀಗೆ ನಾನು ಬಂದು ಹನ್ನೆರಡು ವರ್ಷ ಕಳೆದವು. 1982ರ ಫೆಬ್ರವರಿ ನಾಲ್ಕನೆಯ ತಾರೀಖು ಕೊಲ್ಲಾಪುರದ ಇಂಥದೇ ಒಂದು ಸಂಘದಿಂದ ರಾಯರಿಗೆ ಪತ್ರ ಬಂತು. ಕಬ್ಬಿಣ ಉಜ್ಜಲು ಬಳಸುವ ಗ್ರೈಂಡಿಂಗ್ ಕಲ್ಲಿನ ವಿಷಯ. ಒಂದು ಕಂಪನಿಯ ಒಂದು ತಂಡದ, ಎಂದರೆ ಒಂದೇ ಸಲಕ್ಕೆ ತಯಾರಾದ, ಕಲ್ಲುಗಳು ಅಲ್ಲಿ ತಿರುಗುತ್ತಿದ್ದಂತೆ ಸಿಡಿದಿದ್ದವು. ಎರಡು ಕಾರ್ಖಾನೆಗಳಲ್ಲಿ ಜನರಿಗೆ ಗಾಯವಾಗಿತ್ತು. ಆ ತಂಡದ ಸಂಖ್ಯೆ ಕೊಟ್ಟು, ಅಂಥ ಕಲ್ಲು ಇದ್ದರೆ ತೆಗೆದಿಡಲು ನಿಮ್ಮ ಸದಸ್ಯರಿಗೆ ತಿಳಿಸಿ ಎಂದು ಬರೆದಿದ್ದರು. ರಾಯರು ಚಹಾ ಕುಡಿಯದೆ ಬರೆದರು. ತಂಡದ ಸಂಖ್ಯೆಯನ್ನು ದೊಡ್ಡದಾಗಿ ಮೇಲೆ ಹಾಕಿಸಿದರು. ಉಜ್ಜುವಾಗ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಳ್ಳಲೇಬೇಕೆಂದು ಕೊನೆಗೆ ಒಂದು ಸಾಲು ಸೇರಿಸಿದರು. ಅನಸೂಯಾ ಮಧ್ಯಾಹ್ನದೊಳಗೆ ಸ್ಟೆನ್ಸಿಲ್ ಕತ್ತರಿಸಿ, ರಿಜಿಸ್ಟರಿನಲ್ಲಿ ಬರೆದುಕೊಂಡಳು: ಸುತ್ತೋಲೆ ಮೂವತ್ತೊಂದು. ಹಜರೇಸಾಬ ನನಗೆ ಶಾಯಿ ಹಾಕಿದ.

ಅಷ್ಟರಲ್ಲಿ ಸಂಘದ ಉಪಾಧ್ಯಕ್ಷ ಗಂಗಾಧರಪ್ಪ ಕೊಟಗಿ ಬಂದರು. ಊರಿನಲ್ಲಿ ಕಾರ್ಖಾನೆಗಳಿಗೆ ಬೇಕಾದ ಹತಾರ, ಕಲ್ಲು, ಬೆಲ್ಟು ಮಾರುವ ದೊಡ್ಡ ಅಂಗಡಿ ಅವರದು. ಆ ಕಂಪನಿಯ ಕಲ್ಲುಗಳನ್ನೂ ಅವರೇ ತರಿಸುತ್ತಿದ್ದರು. ಕೊಟಗಿಯವರು ಕೆಟ್ಟ ಮನುಷ್ಯರಲ್ಲ. ಸಂಘಕ್ಕೆ ಕುರ್ಚಿ ಮೇಜು ಕೊಡಿಸಿದವರು, ಹಜರೇಸಾಬನಿಗೆ ಕಾಯಿಲೆಯಾದಾಗ ತಮ್ಮ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದವರು. ಪತ್ರವನ್ನು ಓದಿ ಮೆಲ್ಲಗೆ ಮಾತಾಡಿದರು. ಒಂದು ಊರಿನ ಪತ್ರ ನೋಡಿ ಕಂಪನಿಯ ಹೆಸರು ಕೆಡಿಸುವುದು ಸರಿಯಲ್ಲ, ನಾನೇ ಕಂಪನಿಗೆ ಬರೆದು ಕೇಳುತ್ತೇನೆ, ಎಂಟು ದಿನ ತಡೆಯಿರಿ ಎಂದರು. ರಾಯರು ಒಪ್ಪಲಿಲ್ಲ. ಕೊಟಗಿಯವರು ಎದ್ದು ಹೋಗಲಿಲ್ಲ. ಅದನ್ನೇ ಮತ್ತೆ ಮೊದಲಿನಿಂದ ಹೇಳಿದರು. ರಾಯರು ಆ ವರ್ಷ ಕಾರ್ಯಕಾರಿ ಸಮಿತಿಯ ಜೊತೆ ಎರಡು ಸಲ ವಾದ ಮಾಡಿ ಸೋತಿದ್ದರು. ಅರವತ್ತೆಂಟು ವಯಸ್ಸು. ಮೂರನೆಯ ಸಲಕ್ಕೆ ಕಸುವು ಉಳಿದಿರಲಿಲ್ಲವೆಂದು ಕಾಣುತ್ತದೆ. ಎಂಟು ದಿನ ತಾನೇ ಎಂದರು.

ಅನಸೂಯಾ ಸ್ಟೆನ್ಸಿಲನ್ನು ಹಳೆಯ ಪತ್ರಿಕೆಯ ಮಡಿಕೆಯಲ್ಲಿಟ್ಟು ನನ್ನ ಕೆಳಗಿನ ಖಾನೆಯಲ್ಲಿ ಇಟ್ಟಳು.

ನಾಲ್ಕು ದಿನದ ಮೇಲೆ ವಿದ್ಯುತ್ ಕಡಿತದ ವೇಳಾಪಟ್ಟಿ ಬಂತು. ಅದಕ್ಕೆ ಮೂವತ್ತೊಂದು ಎಂದು ಹಾಕು ಎಂದರು ರಾಯರು. ಆ ಸಂಖ್ಯೆ ಬರೆದಾಗಿದೆ, ತಡವಾದರೂ ಅದು ಹೋಗುವುದೇ ಅಲ್ಲವೇ ಎಂದಳು ಅನಸೂಯಾ. ರಾಯರು ಅವಳ ಮುಖ ನೋಡಲಿಲ್ಲ. ವೇಳಾಪಟ್ಟಿ ಮೂವತ್ತೆರಡಾಗಿ ಹೊರಟಿತು. ಎಂಟು ದಿನ ಕಳೆದವು. ರಾಯರು ಫೋನ್ ಮಾಡಿದರು. ಕಂಪನಿಯಿಂದ ಉತ್ತರ ಬಂದಿಲ್ಲವೆಂದರು ಕೊಟಗಿಯವರು. ಅನಸೂಯಾ ಎರಡು ಸಲ ಕೇಳಿದಳು. ಎರಡನೆಯ ಸಲ ರಾಯರು ಸಿಡುಕಿದರು. ಅವರು ಅವಳ ಮೇಲೆ ಸಿಡುಕಿದ್ದು ಅದೇ ಮೊದಲು. ಮೂವತ್ತಮೂರು, ಮೂವತ್ತನಾಲ್ಕು, ಮೂವತ್ತೈದು ನನ್ನ ಮೇಲಿಂದ ಹೊರಟುಹೋದವು. ಮೂವತ್ತೊಂದು ಖಾನೆಯಲ್ಲೇ ಇತ್ತು.

ಇಪ್ಪತ್ತಮೂರನೆಯ ತಾರೀಖು ಯಲ್ಲಪ್ಪನ ವರ್ಕ್‌ಶಾಪಿನಲ್ಲಿ ಕಲ್ಲು ಸಿಡಿಯಿತು.

ಹಜರೇಸಾಬ ಆ ಹೊತ್ತಿಗೆ ಪಕ್ಕದ ಕಾರ್ಖಾನೆಯಲ್ಲಿ ಸಹಿ ಹಾಕಿಸಿಕೊಳ್ಳುತ್ತಿದ್ದ. ಸದ್ದು ಕೇಳಿ ಓಡಿದನಂತೆ. ಕಲ್ಲಿನ ಮುಂದೆ ನಿಂತಿದ್ದವನು ಪರಸಪ್ಪ, ಯಲ್ಲಪ್ಪನ ಹತ್ತಿರ ಎಂಟು ವರ್ಷದಿಂದ ಇದ್ದ ಕೆಲಸಗಾರ. ಚೂರು ಎಡಗಣ್ಣಿಗೆ ಹೊಕ್ಕಿತ್ತು. ರಕ್ಷಣೆಯ ಕನ್ನಡಕ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಬೆವರಿಗೆ ಮಂಜಾಗುತ್ತದೆಂದು ಆತ ತೆಗೆದಿಟ್ಟಿದ್ದ. ಯಲ್ಲಪ್ಪ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಟಾಂಗಾದಲ್ಲಿ ಆಸ್ಪತ್ರೆಗೆ ಒಯ್ದ. ಕಣ್ಣು ಉಳಿಯಲಿಲ್ಲ.

ಹಜರೇಸಾಬ ಇದನ್ನೆಲ್ಲ ಕಚೇರಿಯ ಬಾಗಿಲಲ್ಲಿ ನಿಂತೇ ಹೇಳಿದ. ಅಂಗಿಯ ಮೇಲೆ ರಕ್ತವಿತ್ತು. ಒಡೆದ ಕಲ್ಲಿನ ಮೇಲಿನ ಕಾಗದದ ಚೀಟಿ ತಂದಿದ್ದ. ರಾಯರು ಅದರ ಮೇಲಿನ ಸಂಖ್ಯೆಯನ್ನು ಓದಿ ಚೀಟಿಯನ್ನು ಮೇಜಿನ ಮೇಲೆ ಬೋರಲು ಇಟ್ಟರು. ಆ ದಿನ ಅವರು ಬಸ್ಸಿಗೆ ಹೋಗುವಾಗ ಕೊಡೆ ಮರೆತರು, ಕನ್ನಡಕ ಮರೆತರು, ಮತ್ತೆ ಬಂದು ಎರಡನ್ನೂ ತೆಗೆದುಕೊಂಡು ಹೋದರು.

ಮೂರು ದಿನದಲ್ಲಿ ಕಾರ್ಖಾನೆ ತನಿಖಾಧಿಕಾರಿಯ ಪತ್ರ ಬಂತು. ಕೊಲ್ಲಾಪುರದವರು ತಮ್ಮ ಪತ್ರದ ಒಂದು ನಕಲನ್ನು ಅವರಿಗೂ ಕಳಿಸಿದ್ದರು. ನಿಮಗೆ ಈ ಎಚ್ಚರಿಕೆ ಯಾವ ದಿನ ತಲುಪಿತು, ನೀವು ಸದಸ್ಯರಿಗೆ ಯಾವ ದಿನ ತಿಳಿಸಿದಿರಿ, ಅಷ್ಟೇ ಪ್ರಶ್ನೆ. ಯಲ್ಲಪ್ಪನಿಗೂ ನೋಟೀಸು ಹೋಗಿತ್ತು.

ಶನಿವಾರ ಸಮಿತಿಯವರು ನನ್ನ ಪಕ್ಕದ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕುಳಿತರು. ಮಾತು ಬಾಗಿಲಾಚೆಗೂ ಕೇಳಿಸುತ್ತಿತ್ತು. ಮಾತಾಡಿದವರು ಹೆಚ್ಚಾಗಿ ಕೊಟಗಿಯವರೇ. ಸ್ಟೆನ್ಸಿಲ್ ಸಿದ್ಧವಿದೆ, ನಾಲ್ಕನೆಯ ತಾರೀಖು ಅದರಲ್ಲೇ ಇದೆ, ರಿಜಿಸ್ಟರಿನಲ್ಲೂ ಅದೇ ತಾರೀಖಿದೆ. ಒಂದೂ ಸುಳ್ಳು ಅಕ್ಷರ ಬರೆಯಬೇಕಾಗಿಲ್ಲ. ಪ್ರತಿ ತೆಗೆದು ಕಡತಕ್ಕೆ ಸೇರಿಸಿ, ಈ ಸಲ ಅಂಚೆಯಲ್ಲಿ ಕಳಿಸಿದ್ದೆವು ಎಂದು ಉತ್ತರ ಕೊಟ್ಟರಾಯಿತು. ಅಂಚೆಯಲ್ಲಿ ಕಾಗದ ಕಳೆದುಹೋಗುವುದಿಲ್ಲವೇ? ಸಂಘದ ಹೆಸರು ಹೋದರೆ ನಾಳೆ ಯಾರ ಮಾತನ್ನು ಯಾರು ನಂಬುತ್ತಾರೆ? ಒಬ್ಬರು ಮಾತ್ರ, ಹಾಗಾದರೆ ಯಲ್ಲಪ್ಪನ ಗತಿ ಏನು ಎಂದು ಕೇಳಿದರು.  ಎಚ್ಚರಿಕೆ ಹೋಗಿತ್ತು ಎಂದಾದರೆ, ಎಚ್ಚರಿಕೆ ಕಡೆಗಣಿಸಿದ ಮಾಲೀಕ ಯಲ್ಲಪ್ಪನೇ ಆಗುತ್ತಿದ್ದ. ಇದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ರಾಯರು ಇಬ್ಬರನ್ನೂ ಕರೆಸಿದರು. ಅನಸೂಯಾ ಖಾನೆಯಿಂದ ಸ್ಟೆನ್ಸಿಲ್ ತೆಗೆದು ನನ್ನ ಉರುಳೆಗೆ ಸುತ್ತಿದಳು.  ಸುತ್ತಿದ ಮೇಲೆ ಹೋಗಿ ತನ್ನ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಳು. ಹಜರೇಸಾಬ ಹಿಡಿಕೆಗೆ ಕೈ ಹಾಕಿ, ತಿರುಗಿಸಲೇ ಎಂದು ರಾಯರನ್ನು ಕೇಳಿದ. ಹನ್ನೆರಡು ವರ್ಷದಲ್ಲಿ ಅವನು ಹಾಗೆ ಕೇಳಿದ್ದೇ ಇಲ್ಲ. ರಾಯರು ತಲೆಯಾಡಿಸಿದರು.

ಕಥೆಗಳಲ್ಲಾದರೆ ಇಂಥ ಹೊತ್ತಿಗೆ ಯಂತ್ರ ಕೆಟ್ಟು ನಿಲ್ಲುತ್ತದೆ. ನಾನು ನಿಲ್ಲಲಿಲ್ಲ. ಶಾಯಿ ಸಮನಾಗಿ ಹರಿಯಿತು, ಹಾಳೆ ಒಂದೂ ಸಿಕ್ಕಿಕೊಳ್ಳಲಿಲ್ಲ, ಒಂದು ಸೊನ್ನೆಯೂ ಕಪ್ಪಾಗಲಿಲ್ಲ. ಕಡತಕ್ಕೆ ಒಂದು ಸಾಕಿತ್ತು, ರೂಢಿಯಂತೆ ನೂರ ಎಂಬತ್ತು ಪ್ರತಿ ತೆಗೆದರು. ಆವತ್ತಿನಷ್ಟು ಚೆನ್ನಾಗಿ ನಾನು ಎಂದೂ ಮುದ್ರಿಸಿರಲಿಲ್ಲ. ನನ್ನ ಇಡೀ ಆಯುಷ್ಯದಲ್ಲಿ ನನಗೆ ನಾಚಿಕೆಯಾಗುವುದು ಆ ಒಂದು ಬೆಳಗಿನ ಬಗ್ಗೆ.

ತನಿಖಾಧಿಕಾರಿಗೆ ಉತ್ತರ ಸೋಮವಾರ ಹೋಗಬೇಕಿತ್ತು. ಕರಡು ರಾಯರ ಮೇಜಿನ ಮೇಲಿತ್ತು. ಆ ದಿನ ಹತ್ತೂವರೆಯ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಯಲ್ಲಪ್ಪ ಬಂದ. ಗಡ್ಡ ಬೆಳೆದಿತ್ತು, ಕಂಕುಳಲ್ಲಿ ರಟ್ಟಿನ ಫೈಲು. ಆರು ದಿನ ಆಸ್ಪತ್ರೆಯಲ್ಲೇ ಇದ್ದನಂತೆ. ರಾಯರು ಕುಳಿತುಕೋ ಎಂದರು. ಅವನು ಕುಳಿತುಕೊಳ್ಳದೆ ಫೈಲು ಬಿಚ್ಚಿದ. ಮೂವತ್ತನೆಯ ಸುತ್ತೋಲೆ, ಅದರ ಮೇಲೆ ಮೂವತ್ತೆರಡು.

"ಮೂವತ್ತೊಂದನೇದು ನನ್ನ ಕಡೆ ಇಲ್ರಿ," ಎಂದ. "ಮನಿ ಎಲ್ಲಾ ಹುಡಿಕಿದ್ನಿ. ಹೆಂಡ್ತಿ ಒಲಿಗೆ ಹಾಕ್ಯಾಳೇನು ಅಂತ ಬೈದ್ನಿ, ಪಾಪ ಆಕಿ ಅತ್ತಳು. ಒಂದಽ ಮಾತು ಹೇಳ್ರಿ ರಾಯರ. ಅದರಾಗ ಆ ಕಲ್ಲಿನ ಸುದ್ದಿ ಇತ್ತೇನು? ಇತ್ತು, ನಾನ ಕಳದೀನಿ ಅಂದ್ರ, ಪರಸಪ್ಪನ ಕಣ್ಣು ನಾನ ಕಳದಂಗ."

ನೂರ ಎಂಬತ್ತು ಪ್ರತಿಗಳು ನನ್ನ ತಟ್ಟೆಯಲ್ಲೇ ಇದ್ದವು, ಅವನ ಕೈಗೆಟಕುವಷ್ಟು ದೂರದಲ್ಲಿ. ರಾಯರು ಮಾಡಬೇಕಾದದ್ದು ಬಹಳ ಇರಲಿಲ್ಲ. ಒಂದು ಪ್ರತಿ ತೆಗೆದು ಅವನಿಗೆ ಕೊಟ್ಟರೆ ಸಾಕಿತ್ತು. ಮಾತೂ ಬೇಕಾಗಿರಲಿಲ್ಲ. ಯಲ್ಲಪ್ಪ ಅದನ್ನು ತೆಗೆದುಕೊಂಡು, ತಪ್ಪು ತನ್ನದೆಂದು ನಂಬಿ, ಮೆಟ್ಟಿಲಿಳಿದು ಹೋಗುತ್ತಿದ್ದ. ಅನಸೂಯಾಳ ಟೈಪ್‌ರೈಟರ್ ನಿಂತಿತ್ತು. ಹಜರೇಸಾಬ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ರಾಯರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು.

"ನೀ ಕಳದಿಲ್ಲ ಯಲ್ಲಪ್ಪ," ಎಂದರು ಕೊನೆಗೆ. "ಅದನ್ನ ನಾವು ಕಳಿಸೇ ಇಲ್ಲ. ನಾನ ತಡದೆ."

ಯಲ್ಲಪ್ಪ ಆಗ ಕುಳಿತ. ಕುರ್ಚಿಯ ಮೇಲಲ್ಲ, ನನ್ನನ್ನು ಇಟ್ಟಿದ್ದ ಮೇಜಿನ ಪಕ್ಕ ನೆಲದ ಮೇಲೆ. ಫೈಲಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದ.

"ಎಷ್ಟು ದಿನಾ ಇಲ್ಲಿತ್ತ್ರೀ?"

"ಕಲ್ಲು ಸಿಡಿಯೂತನಕಾ ಹತ್ತೊಂಬತ್ತು ದಿನಾ."

"ನಾ ಆ ಕಲ್ಲು ತಂದು ಎಂಟು ದಿನಾ ಆಗಿತ್ತು," ಎಂದ ಯಲ್ಲಪ್ಪ. ಕೊಟಗಿಯವರ ಅಂಗಡಿಯಿಂದಲೇ ತಂದದ್ದು. ಅದನ್ನು ಅವನು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.  ಎದ್ದು ಫೈಲು ಕಟ್ಟಿಕೊಂಡು ಹೊರಟುಹೋದ. ಮೆಟ್ಟಿಲ ತಿರುವಿನಲ್ಲಿ ಒಮ್ಮೆ ನಿಂತದ್ದು ಕೇಳಿಸಿತು, ಆಮೇಲೆ ಮತ್ತೆ ಇಳಿದ.

ರಾಯರು ಕರಡನ್ನು ಹರಿದರು. ಹೊಸ ಉತ್ತರವನ್ನು ಐದೇ ಸಾಲಿನಲ್ಲಿ ಬರೆದರು. ಪತ್ರ ನಾಲ್ಕನೆಯ ತಾರೀಖು ಬಂದಿತ್ತು, ಸುತ್ತೋಲೆ ಅದೇ ದಿನ ಸಿದ್ಧವಾಗಿತ್ತು, ಹೊರಹೋಗಲಿಲ್ಲ, ತಡೆದವನು ಕಾರ್ಯದರ್ಶಿಯಾದ ನಾನು. ಕೊಟಗಿಯವರ ಹೆಸರು ಬರೆಯಲಿಲ್ಲ. ಅವರ ಹೆಸರನ್ನೂ ಬರೆಯಿರಿ ಎಂದಳು ಅನಸೂಯಾ. ತಡೆಯಿರೆಂದು ಅವರು ಕೇಳಿದರು, ಒಪ್ಪಿದವನು ನಾನು ಎಂದರು ರಾಯರು. ಅವಳು ಅದನ್ನು ಟೈಪ್ ಮಾಡಿದಳು, ಹಜರೇಸಾಬ ಆ ಕ್ಷಣವೇ ತನಿಖಾಧಿಕಾರಿಯ ಕಚೇರಿಗೆ ಒಯ್ದ.

ಆಮೇಲೆ ಹೊಸ ಸ್ಟೆನ್ಸಿಲ್ ಬಂತು. ಸಂಖ್ಯೆ ಮೂವತ್ತೊಂದೇ, ತಾರೀಖು ಆ ದಿನದ್ದು. ಮೇಲೆ ಕಲ್ಲಿನ ಎಚ್ಚರಿಕೆ. ಕೆಳಗೆ, ಈ ಸೂಚನೆ ಕಚೇರಿಗೆ ಬಂದ ದಿನವೇ ತಮಗೆ ತಲುಪಬೇಕಾಗಿತ್ತು, ಇಪ್ಪತ್ತೈದು ದಿನ ತಡವಾಗಿದೆ, ಈ ಮಧ್ಯೆ ನಮ್ಮ ಸದಸ್ಯರೊಬ್ಬರಲ್ಲಿ ಒಬ್ಬ ಕೆಲಸಗಾರ ಕಣ್ಣು ಕಳೆದುಕೊಂಡಿದ್ದಾನೆ, ಹೊಣೆ ಕೆಳಗೆ ಸಹಿ ಮಾಡಿದವನದು. ರಾಯರು ಉಕ್ಕಿನ ಮೊನೆಯ ಪೆನ್ನಿನಿಂದ ಸ್ಟೆನ್ಸಿಲ್ ಮೇಲೆ ಸಹಿ ಕೊರೆದರು.  ನಾನು ಅದನ್ನು ಮುದ್ರಿಸಿದೆ. ಆ ಸಲ ಹಜರೇಸಾಬ ಎರಡೇ ದಿನದಲ್ಲಿ ನೂರ ಎಂಬತ್ತು ಬಾಗಿಲು ಮುಗಿಸಿದ. ಅಂಥ ಕಲ್ಲುಗಳು ಇನ್ನೂ ಹನ್ನೊಂದು ಕಡೆ ಇದ್ದವು, ಎರಡು ಕಡೆ ಯಂತ್ರಕ್ಕೆ ಕೂಡಿಸಿಯೂ ಆಗಿತ್ತು. ಎಲ್ಲ ಇಳಿಸಿದರು.

ಇದರಿಂದ ಎಲ್ಲ ಸರಿಯಾಯಿತು ಎಂದು ಹೇಳಲು ನನಗೂ ಇಷ್ಟವಿತ್ತು. ತಿಂಗಳೊಳಗೆ ಸಮಿತಿ ರಾಯರ ರಾಜೀನಾಮೆ ತೆಗೆದುಕೊಂಡಿತು. ಯಲ್ಲಪ್ಪನ ಮೇಲಿನ ನೋಟೀಸಿನಲ್ಲಿ ಕಲ್ಲಿನ ಆಪಾದನೆ ಬಿದ್ದುಹೋಯಿತು, ಕನ್ನಡಕದ್ದು ಉಳಿಯಿತು. ಅದಕ್ಕೆ ಅವನು ತಕರಾರು ಮಾಡಲಿಲ್ಲ, ನಾನು ನೋಡಿಕೊಳ್ಳಬೇಕಿತ್ತು ಎಂದನಂತೆ. ಪರಸಪ್ಪ ನಾಲ್ಕು ತಿಂಗಳ ಮೇಲೆ ಅವನಲ್ಲಿಗೇ ಕೆಲಸಕ್ಕೆ ಬಂದ, ಆದರೆ ಯಂತ್ರದ ಹತ್ತಿರ ಹೋಗದೆ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ. ಕೊಟಗಿಯವರು ಎರಡು ವರ್ಷದ ಮೇಲೆ ಸಂಘದ ಅಧ್ಯಕ್ಷರಾದರು. ಅವರೂ ಆ ವಿಷಯ ಮರೆತಿರಲಿಲ್ಲವೆಂದು ನನಗೆ ಅನ್ನಿಸುತ್ತದೆ. ಅಧ್ಯಕ್ಷರಾದ ಮೇಲೆ ಒಂದು ಸುತ್ತೋಲೆಯನ್ನೂ ತಡೆಯಲಿಲ್ಲ, ನನ್ನ ಕೋಣೆಗೆ ಕಾಲೂ ಇಡಲಿಲ್ಲ.

ಯಲ್ಲಪ್ಪ ಮರುವರ್ಷ ಸದಸ್ಯತ್ವ ಬಿಟ್ಟ. ಪಟ್ಟಿಯಲ್ಲಿ ನೂರ ಎಪ್ಪತ್ತೊಂಬತ್ತು ಹೆಸರು ಉಳಿದವು. ಹೊಸ ಕಾರ್ಯದರ್ಶಿ ನೂರ ಎಪ್ಪತ್ತೊಂಬತ್ತು ಪ್ರತಿ ತೆಗೆಯಲು ಹೇಳಿದ. ಹಜರೇಸಾಬ ನೂರ ಎಂಬತ್ತು ಸಲವೇ ತಿರುಗಿಸುತ್ತಿದ್ದ. ಕೊನೆಯ ಪ್ರತಿಯನ್ನು ಅನಸೂಯಾ ಮಡಿಸಿ ಅವನ ಚೀಲದಲ್ಲಿ ಇಡುತ್ತಿದ್ದಳು. ಇಬ್ಬರೂ ಇದರ ಬಗ್ಗೆ ಮಾತಾಡಿಕೊಂಡದ್ದು ನಾನು ಕೇಳಿಲ್ಲ. ಯಲ್ಲಪ್ಪ ಅದನ್ನು ತೆಗೆದುಕೊಂಡು ಸಹಿ ಹಾಕುತ್ತಿದ್ದ. ಕಚೇರಿಯ ಮೆಟ್ಟಿಲನ್ನು ಮಾತ್ರ ಮತ್ತೆಂದೂ ಹತ್ತಲಿಲ್ಲ.

ಹತ್ತು ವರ್ಷದ ಮೇಲೆ ಒಂದು ಸಲ ಅನಸೂಯಾ ಧಾರವಾಡಕ್ಕೆ ಹೋಗಿ ರಾಯರನ್ನು ನೋಡಿಕೊಂಡು ಬಂದಳು. ಮನೆಯ ಜಗುಲಿಯಲ್ಲಿ ಕುಳಿತು ಓಣಿಯವರಿಗೆ ಅರ್ಜಿ ಬರೆದುಕೊಡುತ್ತಿದ್ದರಂತೆ. ಕಣ್ಣು ಬಹಳ ಮಂದವಾಗಿತ್ತಂತೆ. ಕಚೇರಿಯಲ್ಲಿ ಯಾರಿದ್ದಾರೆ, ಏನಾಯಿತು ಎಂದು ಯಾವುದನ್ನೂ ಕೇಳಲಿಲ್ಲ.

"ಬಂದ ದಿನಾನ ಹೋಗ್ತಾವ ಹೌದಿಲ್ಲೋ?" ಎಂದು ಮಾತ್ರ ಕೇಳಿದರಂತೆ. ಹೌದು ಎಂದಳಂತೆ ಅನಸೂಯಾ. ಅದು ನಿಜವಾಗಿತ್ತು. ಆ ಹತ್ತು ವರ್ಷದಲ್ಲಿ ಒಂದು ಸ್ಟೆನ್ಸಿಲ್ಲೂ ನನ್ನ ಕೆಳಗಿನ ಖಾನೆಯಲ್ಲಿ ಒಂದು ದಿನ ಕಳೆಯಲು ಅವಳು ಬಿಟ್ಟಿರಲಿಲ್ಲ.

1993ರಲ್ಲಿ ಸಂಘಕ್ಕೆ ಝೆರಾಕ್ಸ್ ಯಂತ್ರ ಬಂತು, ಆಮೇಲೆ ಫ್ಯಾಕ್ಸ್. ನನಗೆ ಬೇಸರವಾಗಲಿಲ್ಲ. ಉರುಳೆಯ ಹಲ್ಲುಗಳು ಸವೆದಿದ್ದವು, ಹಾಳೆ ವಾರೆಯಾಗಿ ಬರುತ್ತಿತ್ತು. ನನ್ನನ್ನು ಹಳೇ ಹುಬ್ಬಳ್ಳಿಯ ಒಂದು ಶಾಲೆಗೆ ದಾನ ಕೊಟ್ಟರು, ಫೋಟೋ ತೆಗೆಸಿಕೊಂಡರು. ಹೊರಡುವ ದಿನ ಅನಸೂಯಾ ಚಿಂದಿಗೆ ಸೀಮೆಎಣ್ಣೆ ಹಚ್ಚಿ ನನ್ನ ಮೈಯೆಲ್ಲ ಒರೆಸಿದಳು. ಅವಳ ಕೂದಲು ಆಗ ಅರ್ಧ ಬಿಳಿ. ಹಜರೇಸಾಬ ನಿವೃತ್ತನಾಗಿದ್ದ. ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಸುಶೀಲಾ ಜಂಬಗಿಯವರ ಕೈಕೆಳಗೆ ಎಂಟು ವರ್ಷ ಪ್ರಶ್ನೆಪತ್ರಿಕೆ ಮುದ್ರಿಸಿದೆ. ಅವನ್ನು ಮಾತ್ರ ಎಲ್ಲರೂ ಕೊನೆಯ ಸಾಲಿನವರೆಗೆ ಓದುತ್ತಿದ್ದರು. ಆಮೇಲೆ ಶಾಯಿಯ ಟ್ಯೂಬು, ಸ್ಟೆನ್ಸಿಲ್ ಹಾಳೆ ಎರಡೂ ಅಂಗಡಿಯಲ್ಲಿ ಸಿಗುವುದು ನಿಂತಿತು. ನನ್ನನ್ನು ಮಹಡಿ ಮೆಟ್ಟಿಲ ಬುಡದಲ್ಲಿ, ಮುರಿದ ಬೆಂಚುಗಳ ಜೊತೆ ಸರಿಸಿದರು. ಈಗ ಇಲ್ಲೇ ಇದ್ದೇನೆ. ಗುಜರಿಯವನು ಎರಡು ಸಲ ಬಂದು ನೋಡಿ, ಎತ್ತಲು ಭಾರವೆಂದು ಬಿಟ್ಟುಹೋದ.

ಮೊನ್ನೆ ಶಾಲಾ ಆಡಳಿತ ಮಂಡಳಿಯ ಸದಸ್ಯರೊಬ್ಬರು ಸಭೆಗೆಂದು ಬಂದವರು, ಇನ್ನೂ ಹೊತ್ತಿದೆಯೆಂದು ನನ್ನ ಪಕ್ಕದ ಕೆಳಗಿನ ಮೆಟ್ಟಿಲ ಮೇಲೆ ಕುಳಿತರು. ಅವರದೂ ಒಂದು ಸಣ್ಣ ಕಾರ್ಖಾನೆ ಇದೆಯೆಂದು ಮಾತಿನಿಂದ ತಿಳಿಯಿತು. ಅವರ ಫೋನು ಒಂದೇ ಸಮನೆ ಸದ್ದು ಮಾಡುತ್ತಿತ್ತು. ಏನದು ಎಂದು ಜೊತೆಗಿದ್ದ ಶಿಕ್ಷಕಿ ಕೇಳಿದರು.

"ನಮ್ಮ ಮಾಲೀಕರ ಸಂಘದ ಗ್ರೂಪ್ರಿ. ದಿನಾ ನಲವತ್ತು ಬರ್ತಾವ, ಯಾರು ಓದ್ತಾರ?" ಎಂದು ಅವರು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿದರು. ಅದರಲ್ಲಿ ಮುಖ್ಯವಾದದ್ದು ಇದ್ದರೆ ಎಂದು ಶಿಕ್ಷಕಿ ಕೇಳಿದ್ದಕ್ಕೆ, ಇದ್ದರೆ ಯಾರಾದರೂ ಫೋನ್ ಮಾಡಿ ಹೇಳುತ್ತಾರೆ ಬಿಡಿ ಎಂದರು.

ಅವರನ್ನು ನಾನು ದೂರುವುದಿಲ್ಲ. ಒಂದು ಲೆಕ್ಕಕ್ಕೆ ಅವರಷ್ಟೇ ನನಗೂ ಸಾಕಾಗಿದೆ. ಇಷ್ಟು ವರ್ಷ ಸುತ್ತಿದವನು ನಾನು, ಬೇರೆಯವರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿ ಮುಟ್ಟಿಸಿ ಸವೆದವನು. ಓದುವವರು ಯಾವಾಗಲೂ ಕೆಲವರೇ ಇದ್ದರು. ಆ ಕೆಲವರು ಯಾರು, ಯಾವ ಹಾಳೆ ಯಾರಿಗೆ ಬೇಕಾಗಿತ್ತು ಎಂಬುದು ಕಳಿಸುವಾಗ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಎಲ್ಲರಿಗೂ ಕಳಿಸಬೇಕಾಗುತ್ತದೆ. ಬೇಸರವಾದರೂ ಕಳಿಸಬೇಕಾಗುತ್ತದೆ. ಆಯುಷ್ಯವಿಡೀ ದುಡಿದು ನಾನು ಕಲಿತದ್ದು ಇಷ್ಟೇ, ಅದನ್ನು ಹೇಳಿಕೊಳ್ಳಲು ಈಗ ಶಾಯಿಯೂ ಇಲ್ಲ.

ಸಭೆಗೆ ಕರೆ ಬಂತು. ಆ ಸದಸ್ಯರು ಏಳುವಾಗ ಆಸರೆಗೆಂದು ನನ್ನ ಮೇಲೆ ಕೈಯೂರಿದರು. ತೂಕದ ಮನುಷ್ಯ, ಮಂಡಿ ನೋವಿತ್ತೆಂದು ಕಾಣುತ್ತದೆ. ನಾನು ಅಲುಗದೆ ನಿಂತೆ. ಅವರು ನೆಟ್ಟಗಾಗಿ, ಅಂಗೈಗೆ ಹತ್ತಿದ ಧೂಳನ್ನು ಕೊಡವಿಕೊಂಡು, ಮೆಟ್ಟಿಲು ಹತ್ತಿ ಹೋದರು.